ಲೆಕ್ಕಕ್ಕೆ ಬಾರದ ಗ್ಯಾಸ್ ಮಾತ್ರೆ

‘ಗ್ಯಾಸ್ಟ್ರಿಕ್’ ಎಂಬುದು ಇಂಗ್ಲಿಷಿನಲ್ಲಿ ಕೇವಲ ಒಂದು ವಿಶೇಷಣ. ಕನ್ನಡದಲ್ಲಿ ಅದೊಂದು ರೋಗ. ಜಠರಕ್ಕೆ ಸಂಬಂಧಿಸಿದ್ದು ಎಂಬಷ್ಟೇ ಅರ್ಥವುಳ್ಳ ಈ ಪದವು ನಮ್ಮಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನು ಹಿಡಿತ, ಕೆಲವೊಮ್ಮೆ ಹೃದಯಾಘಾತದ ಮುನ್ಸೂಚನೆಯಾಗಿ ಬರುವ ಎದೆನೋವು, ಇವೆಲ್ಲವನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ರೋಗಕ್ಕೆ ಹೆಸರಿಟ್ಟ ಮೇಲೆ ಮದ್ದಿಗೂ ಹೆಸರಿಡಬೇಕಷ್ಟೆ. ಅದು ‘ಗ್ಯಾಸ್ ಮಾತ್ರೆ’. ಯಾವುದೇ ಬಡಾವಣೆಯ ಔಷಧದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ವೈದ್ಯರ ಚೀಟಿಯಿಲ್ಲದೆ ಒಂದು ಪಟ್ಟಿ ಪ್ಯಾಂಟೊಪ್ರಜೋಲನ್ನೋ ಒಮೆಪ್ರಜೋಲನ್ನೋ ಕೇಳಿ ಪಡೆದು, ಚಿಲ್ಲರೆ ಎಣಿಸಿಕೊಂಡು ಹೋಗುವವರು ಕಾಣಸಿಗುತ್ತಾರೆ. ಬೆಂಕಿಪೊಟ್ಟಣ ಕೊಳ್ಳುವಷ್ಟೇ ನಿರಾಳವಾಗಿ ನಡೆಯುವ ವ್ಯವಹಾರವಿದು.

ಇದೇ ವ್ಯಕ್ತಿ ಮುಂದೊಂದು ದಿನ ಆಸ್ಪತ್ರೆಗೆ ಹೋದಾಗ, ಯಾವ ಯಾವ ಔಷಧ ಸೇವಿಸುತ್ತಿದ್ದೀರಿ ಎಂದು ವೈದ್ಯರು ಕೇಳುತ್ತಾರೆ. ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು, ಥೈರಾಯ್ಡಿನದ್ದು ಎಂದು ಆತ ಬೆರಳು ಮಡಚಿ ಹೇಳುತ್ತಾನೆ. ಗ್ಯಾಸ್ ಮಾತ್ರೆಯನ್ನು ಹೇಳುವುದಿಲ್ಲ. ಮುಚ್ಚಿಡಬೇಕೆಂದಲ್ಲ, ಅದನ್ನು ಔಷಧವೆಂದು ಎಣಿಸುವ ಅಭ್ಯಾಸವೇ ನಮಗಿಲ್ಲ. ಲೆಕ್ಕಕ್ಕೆ ಬಾರದ ಈ ಒಂದು ಮಾತ್ರೆ ಲೆಕ್ಕದಲ್ಲಿರುವ ಉಳಿದ ಮಾತ್ರೆಗಳ ಕೆಲಸವನ್ನು ಏರುಪೇರು ಮಾಡಬಲ್ಲದು ಎಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದಿರುವ ಸಂಗತಿ. ತಿಳಿದಿರುವುದು ತಲುಪಬೇಕಾದವರಿಗೆ ತಲುಪದಿರುವುದು ಆಡಳಿತದ ಸಮಸ್ಯೆ. ವೈದ್ಯನಲ್ಲದ, ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಕಡತಗಳೊಂದಿಗೆ ಕಳೆದ ನನ್ನಂಥವನು ಈ ವಿಷಯವಾಗಿ ಬರೆಯುವುದಕ್ಕೆ ಅಷ್ಟೇ ಸಮರ್ಥನೆ.

ಜಠರದ ಆಮ್ಲವನ್ನು ನಾವು ಶತ್ರುವೆಂದು ಭಾವಿಸಿದ್ದೇವೆ. ವಾಸ್ತವವಾಗಿ ಅದು ದೇಹದ ಹೆಬ್ಬಾಗಿಲಿನ ಕಾವಲುಗಾರ. ಆಹಾರದೊಡನೆ ಒಳಬರುವ ರೋಗಾಣುಗಳನ್ನು ಕೊಲ್ಲುವುದು, ಪ್ರೋಟೀನಿಗೆ ಅಂಟಿಕೊಂಡ ಬಿ12 ಜೀವಸತ್ವವನ್ನು ಬಿಡಿಸುವುದು, ಕಬ್ಬಿಣವನ್ನು ದೇಹ ಹೀರಿಕೊಳ್ಳಬಲ್ಲ ರೂಪಕ್ಕೆ ತರುವುದು, ಇವೆಲ್ಲ ಅದರ ಕೆಲಸ. ಇದಲ್ಲದೆ, ಬಾಯಿಂದ ನುಂಗುವ ಅನೇಕ ಮಾತ್ರೆಗಳು ಕರಗಿ ರಕ್ತ ಸೇರಲು ಜಠರದಲ್ಲಿ ಆಮ್ಲವಿರುತ್ತದೆ ಎಂಬ ಲೆಕ್ಕಾಚಾರದ ಮೇಲೆಯೇ ತಯಾರಾಗಿರುತ್ತವೆ. ಆಮ್ಲವೇ ಇಲ್ಲದಂತೆ ಮಾಡಿದರೆ ಆ ಲೆಕ್ಕ ತಪ್ಪುತ್ತದೆ.

ಆಮ್ಲವನ್ನು ತಗ್ಗಿಸುವ ಔಷಧಗಳಲ್ಲಿ ಎರಡು ಬಗೆಗಳನ್ನು ಓದುಗರು ಸ್ಪಷ್ಟವಾಗಿ ಬೇರ್ಪಡಿಸಿಕೊಳ್ಳಬೇಕು. ಗುಲಾಬಿ ಬಣ್ಣದ ದ್ರವ, ಚೀಪುವ ಬಿಲ್ಲೆ, ನೊರೆಯುಕ್ಕುವ ಪುಡಿ ಇವೆಲ್ಲ ಆಮ್ಲಶಾಮಕಗಳು. ಅಲ್ಯುಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಥವಾ ಅಡುಗೆ ಸೋಡಾದ ಬಲದಿಂದ ಅವು ಇರುವ ಆಮ್ಲವನ್ನು ಕೆಲಕಾಲ ತಟಸ್ಥಗೊಳಿಸುತ್ತವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮುಂತಾದ ‘ಪ್ರಜೋಲ್’ ಕುಲದವು ಬೇರೆಯೇ ಜಾತಿ. ಅವು ಆಮ್ಲವನ್ನು ಸ್ರವಿಸುವ ಜೀವಕೋಶದ ಪಂಪನ್ನೇ ಸ್ಥಗಿತಗೊಳಿಸುತ್ತವೆ. ಮಾತ್ರೆಯ ಅಂಶ ಒಂದೆರಡು ಗಂಟೆಗಳಲ್ಲಿ ರಕ್ತದಿಂದ ಇಳಿಮುಖವಾದರೂ ಕೆಟ್ಟುನಿಂತ ಪಂಪು ಮತ್ತೆ ಸರಿಹೋಗುವುದಿಲ್ಲ. ಹೊಸ ಪಂಪು ತಯಾರಾಗಬೇಕು. ಆದ್ದರಿಂದಲೇ ಒಂದು ಮಾತ್ರೆಯ ಪ್ರಭಾವ ದಿನಪೂರ್ತಿ ಉಳಿಯುತ್ತದೆ. ಈ ವ್ಯತ್ಯಾಸದ ಪರಿಣಾಮ ಮಹತ್ವದ್ದು. ಆಮ್ಲಶಾಮಕದಿಂದ ಇನ್ನೊಂದು ಔಷಧಕ್ಕೆ ಅಡ್ಡಿಯಾಗುವುದಾದರೆ ಎರಡರ ನಡುವೆ ಕೆಲವು ಗಂಟೆಗಳ ಅಂತರವಿಟ್ಟರೆ ಸಾಕಾಗುತ್ತದೆ. ಪ್ರಜೋಲ್ ಔಷಧದ ವಿಷಯದಲ್ಲಿ, ಆಮ್ಲ ಬೇಕಾದ ಮಾತ್ರೆಯನ್ನು ಬೆಳಿಗ್ಗೆ ನುಂಗಿದರೂ ಅಷ್ಟೆ, ರಾತ್ರಿ ನುಂಗಿದರೂ ಅಷ್ಟೆ. ಜಠರ ಎರಡೂ ಹೊತ್ತು ಖಾಲಿ ಕೋಶಾಗಾರವೇ.

ಮೊದಲಿಗೆ ನಮ್ಮ ಮನೆಗಳಲ್ಲಿ ಬೆಳಗಿನ ಜಾವ ನಡೆಯುವುದನ್ನೇ ನೋಡೋಣ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಗ್ಯಾಸ್ ಮಾತ್ರೆಯನ್ನೂ ತಿಂಡಿಗೆ ಮುನ್ನ ತೆಗೆದುಕೊಳ್ಳಬೇಕು. ಎರಡಕ್ಕೂ ಬರಿಹೊಟ್ಟೆಯೇ ಬೇಕೆಂದಾದ ಮೇಲೆ ಎರಡನ್ನೂ ಒಂದೇ ಗುಟುಕಿಗೆ ನುಂಗಿ, ಮರುಕ್ಷಣವೇ ಫಿಲ್ಟರ್ ಕಾಫಿ ಕುಡಿಯುವುದು ನಮ್ಮ ಗೃಹಿಣಿಯರ ಸಾಮಾನ್ಯ ಪದ್ಧತಿ. ಲೆವೊಥೈರಾಕ್ಸಿನ್ ಕರಗಲು ಆಮ್ಲದ ನೆರವು ಬೇಕು. ಆಮ್ಲ ಕುಂದಿದವರಲ್ಲಿ ಈ ಔಷಧದ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ ಎಂದು ಇಟಲಿಯ ಸಂಶೋಧಕರು 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ತೋರಿಸಿಕೊಟ್ಟರು. ಜೊತೆಗೆ ಕುಡಿಯುವ ಕಾಫಿಯೂ ಅದರ ಹೀರಿಕೆಗೆ ಅಡ್ಡಿ ಎಂಬುದು ಬೇರೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಮತ್ತು ಆಮ್ಲಶಾಮಕಗಳನ್ನಂತೂ ನಾಲ್ಕು ಗಂಟೆ ದೂರವಿಡಬೇಕು. ಫಲವಾಗಿ ಸುಸ್ತು ಹೋಗುವುದಿಲ್ಲ, ತೂಕ ಇಳಿಯುವುದಿಲ್ಲ, ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿರುತ್ತದೆ. ವೈದ್ಯರು ಥೈರಾಯ್ಡ್ ಮಾತ್ರೆಯ ಬಲವನ್ನು ಏರಿಸುತ್ತಾರೆ. ಮುಂದೆಂದೋ ಗ್ಯಾಸ್ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಿದಾಗ ಅದೇ ಬಲ ಅತಿಯಾಗಿ ಎದೆಬಡಿತ ಹೆಚ್ಚುತ್ತದೆ. ಗ್ಯಾಸ್ ಮಾತ್ರೆಯನ್ನು ಆರಂಭಿಸಿದ ಅಥವಾ ಬಿಟ್ಟ ಆರೆಂಟು ವಾರಗಳ ಅನಂತರ ಒಮ್ಮೆ ಟಿಎಸ್‌ಎಚ್ ನೋಡಿಸಿದರೆ ಬಗೆಹರಿಯುವ ವಿಷಯ. ಆದರೆ ಆರಂಭಿಸಿದ್ದು ವೈದ್ಯರಿಗೆ ತಿಳಿದಿದ್ದರೆ ತಾನೆ?

ಆಮ್ಲಶಾಮಕ ದ್ರವಗಳು ಸಾಧುಪ್ರಾಣಿಗಳೆಂದು ಹೆಸರಾಗಿವೆ. ಆದರೆ ಅವುಗಳಲ್ಲಿರುವ ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂ, ಸಿಪ್ರೊಫ್ಲಾಕ್ಸಾಸಿನ್ ಹಾಗೂ ಡಾಕ್ಸಿಸೈಕ್ಲಿನ್‌ನಂತಹ ಜೀವಿರೋಧಕಗಳನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಔಷಧವು ದೇಹ ಸೇರದೆ ಹೊರಹೋಗುತ್ತದೆ. ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನಲ್ಲಿ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅದು ಹೊಟ್ಟೆಯನ್ನು ಕೆರಳಿಸುವ ಮಾತ್ರೆಯೂ ಹೌದು. ಹೊಟ್ಟೆಯುರಿಗೆಂದು ಒಂದು ಮುಚ್ಚಳ ದ್ರವ ಕುಡಿದವನು ಜ್ವರ ಇಳಿಯಲಿಲ್ಲವೆಂದು ಔಷಧವನ್ನು ದೂರುತ್ತಾನೆ. ಇದಕ್ಕಿಂತ ಗಂಭೀರವಾದುದು ಔಷಧನಿರೋಧಕ ಕ್ಷಯದ ಪ್ರಶ್ನೆ. ಅದರ ಚಿಕಿತ್ಸೆಯಲ್ಲಿ ಲೆವೊಫ್ಲಾಕ್ಸಾಸಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಮುಖ್ಯ ಆಯುಧಗಳು. ಇವೂ ಅದೇ ಕುಲಕ್ಕೆ ಸೇರಿದವು. ದಿನವೂ ಹಿಡಿಯಷ್ಟು ಮಾತ್ರೆ ನುಂಗಿ ವಾಕರಿಕೆಯಿಂದ ಬಳಲುವ ರೋಗಿ ಆಮ್ಲಶಾಮಕದ ಮೊರೆಹೋಗುವುದು ಸಹಜ. ಸರ್ಕಾರ ಉಚಿತವಾಗಿ ಒದಗಿಸಿದ ಔಷಧ ಅರೆಬರೆಯಾಗಿ ರಕ್ತ ಸೇರಿದರೆ, ರೋಗಾಣು ಅದಕ್ಕೂ ಪಳಗುವ ಅಪಾಯವಿದೆ. ಆಗ ನಷ್ಟ ಆ ರೋಗಿಯೊಬ್ಬನದೇ ಆಗಿ ಉಳಿಯುವುದಿಲ್ಲ.

ರಕ್ತಹೀನತೆಯ ವಿಚಾರವೂ ಇಲ್ಲಿಯೇ ಬರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಅವರಿಗೆ ಕಬ್ಬಿಣಾಂಶದ ಮಾತ್ರೆ ಹಂಚಲು ದಶಕಗಳಿಂದ ಕಾರ್ಯಕ್ರಮಗಳಿವೆ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಅದಕ್ಕೊಂದು ಗ್ಯಾಸ್ ಮಾತ್ರೆ ಸೇರುತ್ತದೆ, ಆಮ್ಲವಿಲ್ಲದ ಜಠರದಲ್ಲಿ ಕಬ್ಬಿಣದ ಹೀರಿಕೆ ತಗ್ಗುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಈ ವಿಷಯದಲ್ಲಿ ಹೆಚ್ಚು ಚರ್ಚೆಗೆ ಗುರಿಯಾದ ಜೋಡಿ ಒಮೆಪ್ರಜೋಲ್ ಮತ್ತು ಕ್ಲೋಪಿಡೊಗ್ರೆಲ್. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕ್ಲೋಪಿಡೊಗ್ರೆಲ್ ಹೆಸರು ಪರಿಚಿತ. ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿಹೋಗದಂತೆ ತಡೆಯುವ ಮಾತ್ರೆ ಅದು. ನುಂಗುವ ಹೊತ್ತಿನಲ್ಲಿ ಅದಿನ್ನೂ ಕಚ್ಚಾವಸ್ತು; ಯಕೃತ್ತಿನ ಕಿಣ್ವಗಳು ಅದನ್ನು ಪರಿವರ್ತಿಸಿದ ಮೇಲಷ್ಟೇ ಔಷಧವಾಗುತ್ತದೆ. ಆ ಕಿಣ್ವಗಳಲ್ಲಿ ಮುಖ್ಯವಾದ ಸಿವೈಪಿ2ಸಿ19 ಎಂಬುದನ್ನು ಒಮೆಪ್ರಜೋಲ್ ತಡೆಯುತ್ತದೆ. ಇಲ್ಲಿ ಪ್ರಶ್ನೆ ಆಮ್ಲದ್ದಲ್ಲ, ಯಕೃತ್ತಿನಲ್ಲಿ ನಡೆಯುವ ಪೈಪೋಟಿಯದು. 2009ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಇವೆರಡನ್ನೂ ಒಟ್ಟಿಗೆ ಬಳಸದಿರುವಂತೆ ಎಚ್ಚರಿಸಿತು. ಇಸೊಮೆಪ್ರಜೋಲ್ ಕೂಡ ಆ ಎಚ್ಚರಿಕೆಯ ವ್ಯಾಪ್ತಿಗೆ ಸೇರಿದೆ.

ಮರುವರ್ಷ ಪ್ರಕಟವಾದ ‘ಕೊಜೆಂಟ್’ ಎಂಬ ಪ್ರಯೋಗ ಭಿನ್ನ ಚಿತ್ರ ನೀಡಿತೆಂಬುದನ್ನೂ ಹೇಳಬೇಕು. 3,700ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ ಆ ಅಧ್ಯಯನದಲ್ಲಿ, ಕ್ಲೋಪಿಡೊಗ್ರೆಲ್ ಜೊತೆ ಒಮೆಪ್ರಜೋಲ್ ಪಡೆದವರಲ್ಲಿ ಹೃದಯಾಘಾತ ಹೆಚ್ಚಲಿಲ್ಲ, ಜಠರದ ರಕ್ತಸ್ರಾವ ಮಾತ್ರ ಗಣನೀಯವಾಗಿ ಕಡಿಮೆಯಾಯಿತು. ಆದರೆ ಪ್ರಾಯೋಜಕರಿಗೆ ಹಣದ ಕೊರತೆಯಾದುದರಿಂದ ಪ್ರಯೋಗ ಅರ್ಧಕ್ಕೇ ನಿಂತಿತು. ಎಫ್‌ಡಿಎ ತನ್ನ ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ. ತಜ್ಞರಲ್ಲಿ ಒಮ್ಮತವಿಲ್ಲದ ಕಡೆ ಸಾಮಾನ್ಯನು ಏನು ಮಾಡಬೇಕು? ಆ ಕಿಣ್ವವನ್ನು ಅಷ್ಟಾಗಿ ಬಾಧಿಸದ ಪ್ಯಾಂಟೊಪ್ರಜೋಲ್ ಸುಲಭವಾಗಿ ಸಿಗುವಾಗ ಒಮೆಪ್ರಜೋಲಿನ ಗೊಡವೆಯೇ ಬೇಡ ಎಂಬುದು ನನಗೆ ತೋರುವ ಸರಳ ವಿವೇಕ. ಭಾರತೀಯರಿಗೆ ಇನ್ನೊಂದು ಕಾರಣವೂ ಇದೆ. ಈ ಕಿಣ್ವದ ದುರ್ಬಲ ರೂಪವನ್ನು ಹುಟ್ಟಿನಿಂದಲೇ ಪಡೆದವರ ಪ್ರಮಾಣ ಯುರೋಪಿಯನ್ನರಿಗಿಂತ ದಕ್ಷಿಣ ಏಷ್ಯದವರಲ್ಲಿ ಅಧಿಕ. ಮೊದಲೇ ಕುಂಟುವ ಎತ್ತಿಗೆ ಹೆಚ್ಚಿನ ಹೊರೆ ಏಕೆ? ನಮ್ಮ ಹೃದ್ರೋಗ ತಜ್ಞರು ಇದನ್ನು ಬಲ್ಲರು, ಸಾಮಾನ್ಯವಾಗಿ ಪ್ಯಾಂಟೊಪ್ರಜೋಲನ್ನೇ ಬರೆಯುತ್ತಾರೆ. ತೊಡಕು ಉಂಟಾಗುವುದು ಪಟ್ಟಿ ಮುಗಿದ ಮೇಲೆ, ‘ಅದಿಲ್ಲ, ಅದೇ ತರಹದ ಇನ್ನೊಂದಿದೆ’ ಎಂದು ಅಂಗಡಿಯಾತ ಬದಲಿ ಕೊಟ್ಟಾಗ.

ಅಂಗಡಿಯಲ್ಲಿ ಕೊಡುವ ಗ್ಯಾಸ್ ಮಾತ್ರೆಯಲ್ಲಿ ಅನೇಕ ಸಲ ಎರಡು ಔಷಧಗಳಿರುತ್ತವೆ ಎಂಬುದು ಬಹುಜನರ ಗಮನಕ್ಕೆ ಬಂದಿಲ್ಲ. ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಎಂಬ ಬಾಲವಿದ್ದರೆ ಅದು ಡೊಂಪೆರಿಡೋನ್. ಜಠರವನ್ನು ಬೇಗ ಖಾಲಿ ಮಾಡಿಸುವ, ವಾಂತಿ ತಡೆಯುವ ಔಷಧ. ಹೃದಯದ ಮಿಡಿತದ ಲಯವನ್ನು ಕೆಡಿಸಬಲ್ಲದು ಎಂಬ ಕಾರಣಕ್ಕೆ 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು ವಾಕರಿಕೆ-ವಾಂತಿಗೆ ಮಾತ್ರ ಸೀಮಿತಗೊಳಿಸಿತು. ಎದೆಯುರಿ, ಹೊಟ್ಟೆಯುಬ್ಬರಕ್ಕೆ ಬೇಡ. ವಯಸ್ಕರಿಗೂ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು. ಸಾಮಾನ್ಯವಾಗಿ ಒಂದು ವಾರ ಮೀರಬಾರದು ಎಂದಿತು. ಅಮೆರಿಕದಲ್ಲಿ ಇದಕ್ಕೆ ಮಾರಾಟದ ಅನುಮತಿಯೇ ದೊರೆತಿಲ್ಲ. ನಮ್ಮಲ್ಲಿ ಮನೆಮಾತಾಗಿರುವ ಈ ಜೋಡಿ ಮಾತ್ರೆಗಳಲ್ಲಿ ಅನೇಕವುಗಳ ಒಂದೊಂದರಲ್ಲೂ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಇರುತ್ತದೆ. ಅದನ್ನು ಎದೆಯುರಿಗೆಂದೇ ತಿಂಗಳುಗಟ್ಟಲೆ ಸೇವಿಸುವವರಿದ್ದಾರೆ.

ಡೊಂಪೆರಿಡೋನನ್ನು ದೇಹದಿಂದ ಹೊರಹಾಕುವ ಕಿಣ್ವವನ್ನು ತಡೆಯುವ ಔಷಧಗಳು ಜೊತೆಗೂಡಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್, ಇಟ್ರಾಕೊನಜೋಲ್ ಅಂಥವು. ಜಠರದ ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಕಂಡುಹಿಡಿದು 2005ರಲ್ಲಿ ನೊಬೆಲ್ ಪಡೆದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ ಅವರಿಂದಾಗಿ, ಹುಣ್ಣನ್ನು ಒಂದೆರಡು ವಾರಗಳ ಜೀವಿರೋಧಕ ಚಿಕಿತ್ಸೆಯಿಂದ ವಾಸಿಮಾಡುವುದು ಸಾಧ್ಯವಾಗಿದೆ. ಆ ಚಿಕಿತ್ಸೆಯಲ್ಲಿ ಪ್ರಜೋಲ್ ಜೊತೆ ಕ್ಲಾರಿಥ್ರೊಮೈಸಿನ್ ಇರುತ್ತದೆ. ಪ್ರಜೋಲ್ ಬದಲಿಗೆ ಮನೆಯಲ್ಲಿ ಉಳಿದ ‘ಡಿ’ ಬಾಲದ ಮಾತ್ರೆಯನ್ನೇ ಬಳಸಿದರೆ, ಯುರೋಪಿನ ನಿಯಮದ ಪ್ರಕಾರ ಕೂಡದ ಎರಡು ಔಷಧಗಳು ಕೂಡಿದಂತಾಯಿತು. ಒಂದು ಅಕ್ಷರದ ವ್ಯತ್ಯಾಸ.

ಇದು ಕಾಲ್ಪನಿಕ ಭೀತಿಯಲ್ಲ ಎನ್ನಲು ಸಿಸಾಪ್ರೈಡ್‌ನ ಇತಿಹಾಸವೇ ಸಾಕ್ಷಿ. ಅದೂ ಎದೆಯುರಿಗೆ ಕೊಡುತ್ತಿದ್ದ, ಜಠರವನ್ನು ಚುರುಕುಗೊಳಿಸುವ ಮಾತ್ರೆಯೇ. ಎರಿಥ್ರೊಮೈಸಿನ್, ಕೀಟೊಕೊನಜೋಲ್ ಮುಂತಾದವುಗಳ ಜೊತೆ ಸೇರಿದಾಗ ಹೃದಯದ ಲಯ ತಪ್ಪುತ್ತಿತ್ತು. 1999ರ ಅಂತ್ಯದ ವೇಳೆಗೆ ಎಫ್‌ಡಿಎಗೆ ಅಂತಹ 341 ವರದಿಗಳು ಬಂದಿದ್ದವು, ಅವುಗಳಲ್ಲಿ 80 ಸಾವಿನ ವರದಿಗಳು. ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಿಯೂ, ವೈದ್ಯರಿಗೆ ಪತ್ರ ಬರೆದೂ ಜೋಡಿ ಬಳಕೆ ನಿಲ್ಲಲಿಲ್ಲ. ಕೊನೆಗೆ 2000ದಲ್ಲಿ ಅಲ್ಲಿ ಅದರ ಸಾಮಾನ್ಯ ಮಾರಾಟವನ್ನು ಕೊನೆಗೊಳಿಸಲಾಯಿತು. ಭಾರತದಲ್ಲಿ ಅದರ ನಿಷೇಧದ ಅಧಿಸೂಚನೆ ಹೊರಬಿದ್ದದ್ದು 2011ರ ಫೆಬ್ರವರಿಯಲ್ಲಿ. ಅಧಿಸೂಚನೆಗಳ ಕರಡು ತಿದ್ದುತ್ತಲೇ ಆಯುಷ್ಯ ಕಳೆದವನಿಗೂ ಹನ್ನೊಂದು ವರ್ಷದ ಈ ಅಂತರವನ್ನು ಸಮರ್ಥಿಸುವ ವಾಕ್ಯ ಹೊಳೆಯುವುದಿಲ್ಲ.

ಇವು ಹಠಾತ್ತನೆ ಎರಗುವ ಅಪಾಯಗಳಾದರೆ, ಸದ್ದಿಲ್ಲದೆ ವರ್ಷಗಳ ಮೇಲೆ ಬಲಿಯುವವು ಬೇರೆ ಇವೆ. ಮಧುಮೇಹಕ್ಕೆ ಮೊದಲ ಔಷಧವಾದ ಮೆಟ್ಫಾರ್ಮಿನ್ ದೀರ್ಘ ಬಳಕೆಯಲ್ಲಿ ಬಿ12 ಜೀವಸತ್ವವನ್ನು ತಗ್ಗಿಸುತ್ತದೆ. ಪ್ರಜೋಲ್ ಔಷಧಗಳನ್ನು ಎರಡು ವರ್ಷ ಮೀರಿ ಸೇವಿಸಿದವರಲ್ಲೂ ಬಿ12 ಕೊರತೆ ಹೆಚ್ಚೆಂದು 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಿ12 ದೊರೆಯುವುದು ಪ್ರಾಣಿಜನ್ಯ ಆಹಾರದಿಂದ. ಸಸ್ಯಾಹಾರಿಯಾದ, ಮಧುಮೇಹಿಯಾದ, ಗ್ಯಾಸ್ ಮಾತ್ರೆಗೆ ಒಗ್ಗಿಹೋದ ನಿವೃತ್ತ ನೌಕರ ನಮ್ಮ ಉದ್ಯಾನಗಳ ಪ್ರತಿ ಕಲ್ಲುಬೆಂಚಿನ ಮೇಲೂ ಸಿಗುತ್ತಾನೆ. ಅವನ ಪಾದಗಳು ಜೋಮು ಹಿಡಿದರೆ, ಉರಿದರೆ, ಸಕ್ಕರೆ ಕಾಯಿಲೆಯ ನರದೌರ್ಬಲ್ಯವೆಂದು ಇನ್ನೊಂದು ಮಾತ್ರೆ ಸೇರುತ್ತದೆ. ಒಂದು ಬಿ12 ಪರೀಕ್ಷೆಯಿಂದ ತಿಳಿಯಬಹುದಾಗಿದ್ದ ಕಾರಣ ಹಾಗೆಯೇ ಉಳಿಯುತ್ತದೆ. ಮೆಗ್ನೀಸಿಯಂ ಕೂಡ ಹೀಗೆಯೇ. ದೀರ್ಘಕಾಲದ ಬಳಕೆಯಿಂದ ರಕ್ತದಲ್ಲಿ ಅದು ಕುಸಿಯಬಹುದೆಂದು ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ವರದಿಯಾದ ಪ್ರಕರಣಗಳಲ್ಲಿ ಸುಮಾರು ನಾಲ್ಕನೇ ಒಂದರಷ್ಟರಲ್ಲಿ ಪೂರಕ ಮಾತ್ರೆಯೊಂದರಿಂದಲೇ ಸರಿಹೋಗಲಿಲ್ಲ, ಪ್ರಜೋಲನ್ನೇ ನಿಲ್ಲಿಸಬೇಕಾಯಿತು. ಹೃದಯ ದೌರ್ಬಲ್ಯಕ್ಕೆ ಡಿಜಾಕ್ಸಿನ್ ಮತ್ತು ಮೂತ್ರವರ್ಧಕ ಪಡೆಯುವವರಿಗೆ ಮೆಗ್ನೀಸಿಯಂ ಕುಸಿತವೆಂದರೆ ಡಿಜಾಕ್ಸಿನ್ ವಿಷವಾಗುವ ಹಾದಿ.

ಚರ್ಮದ ಹುಳುಕಡ್ಡಿಗೆ ಬರೆಯುವ ಇಟ್ರಾಕೊನಜೋಲ್ ಕ್ಯಾಪ್ಸೂಲಿಗೆ ಆಮ್ಲ ಬೇಕೇ ಬೇಕು. ಆಮ್ಲ ಕಡಿಮೆಯಿರುವವರು ಅದನ್ನು ಕೋಲಾ ಪಾನೀಯದೊಡನೆ ಸೇವಿಸುವಂತೆ ಹೇಳುವಷ್ಟರ ಮಟ್ಟಿಗೆ. ಶ್ವಾಸಕೋಶದ ಕ್ಯಾನ್ಸರಿನ ಗೆಫಿಟಿನಿಬ್ ಮತ್ತು ಎರ್ಲೊಟಿನಿಬ್, ರಕ್ತಕ್ಯಾನ್ಸರಿನ ದಸಾಟಿನಿಬ್, ಎಚ್‌ಐವಿಯ ಅಟಾಜನಾವಿರ್ ಮತ್ತು ರಿಲ್ಪಿವಿರಿನ್ ಕೂಡ ಆಮ್ಲವಿಲ್ಲದೆ ಸರಿಯಾಗಿ ರಕ್ತ ಸೇರುವುದಿಲ್ಲ. ಆಸ್ತಿ ಮಾರಿ ಕ್ಯಾನ್ಸರ್ ಮಾತ್ರೆ ಕೊಳ್ಳುವ ಕುಟುಂಬಗಳಿರುವ ನಾಡಿನಲ್ಲಿ, ಅದರ ಶಕ್ತಿಯನ್ನು ಅಗ್ಗದ ಇನ್ನೊಂದು ಮಾತ್ರೆ ತಿಂದುಹಾಕುತ್ತಿರುವುದನ್ನು ಯಾರೂ ಹೇಳದಿರುವುದು ಸಣ್ಣ ಲೋಪವಲ್ಲ.

ಹಾಗಾದರೆ ಹೇಳಬೇಕಾದವರು ಯಾರು? ಹೃದ್ರೋಗ ತಜ್ಞರು ತಮ್ಮದನ್ನು ಬರೆಯುತ್ತಾರೆ, ಮಧುಮೇಹದವರು ತಮ್ಮದನ್ನು, ಮೂಳೆಯವರು ತಮ್ಮದನ್ನು. ಪ್ರತಿಯೊಬ್ಬರ ಚೀಟಿಯಲ್ಲೂ ಹೊಟ್ಟೆಯ ರಕ್ಷಣೆಗೆಂದು ಒಂದು ಪ್ರಜೋಲ್ ಸೌಜನ್ಯದ ಕಾಣಿಕೆಯಂತೆ ಸೇರಿರುತ್ತದೆ. ಪ್ರತಿ ಚೀಟಿಯೂ ಅದರಷ್ಟಕ್ಕೆ ಸರಿಯೇ. ಸರ್ಕಾರದಲ್ಲಿ ಬೇರೆ ಬೇರೆ ಶಾಖೆಗಳು ತಮ್ಮ ಟಿಪ್ಪಣಿ ಬರೆದರೂ ಎಲ್ಲ ಟಿಪ್ಪಣಿಗಳು ಒಂದೇ ಕಡತದಲ್ಲಿರುತ್ತವೆ, ಮೊದಲ ಪುಟದಿಂದ ಓದಿ ಸಹಿ ಮಾಡುವ ಅಧಿಕಾರಿಯೊಬ್ಬನಿರುತ್ತಾನೆ. ರೋಗಿಯ ವಿಷಯದಲ್ಲಿ ಕಡತವೆಂದರೆ ಒಂದು ಪ್ಲಾಸ್ಟಿಕ್ ಚೀಲ, ಅದನ್ನು ಪೂರ್ತಿ ಓದುವವರಿಲ್ಲ. ಸರ್ಕಾರಿ ಪರಿಭಾಷೆಯಲ್ಲಿ ‘ಮುಂದಿನ ಆದೇಶದವರೆಗೆ’ ಎಂಬ ಮಾತೊಂದಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಎರಡು ವಾರಕ್ಕೆಂದು ಆರಂಭವಾದ ಗ್ಯಾಸ್ ಮಾತ್ರೆಗೆ ಕೊನೆಯ ದಿನಾಂಕ ಬರೆದಿರುವುದಿಲ್ಲ. ಮುಂದಿನ ಆದೇಶ ಬರುವುದೇ ಇಲ್ಲ. ತಾತ್ಕಾಲಿಕ ಹುದ್ದೆಗಳು ವರ್ಷ ವರ್ಷ ಮುಂದುವರಿದು ಕಾಯಂ ಆಗುವ ಬಗೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವೈದ್ಯಕೀಯ ಸೇವೆಯ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲ, ಕೊಡುವವನಿಗೂ ಕೊಳ್ಳುವವನಿಗೂ ಇರುವ ತಿಳಿವಳಿಕೆಯ ಅಂತರವೇ ಇದಕ್ಕೊಂದು ಮುಖ್ಯ ಕಾರಣ ಎಂದು ಕೆನೆತ್ ಆರೊ 1963ರಲ್ಲಿಯೇ ವಾದಿಸಿದ್ದರು. ನಮ್ಮ ಔಷಧ ನೀತಿಯ ಬಹುಪಾಲು ಶಕ್ತಿ ವ್ಯಯವಾಗಿರುವುದು ಬೆಲೆಯ ಮೇಲೆ. ಬೆಲೆ ನಿಯಂತ್ರಣ ಆದೇಶ, ಜನೌಷಧಿ ಕೇಂದ್ರಗಳು ಅಗತ್ಯವೇ, ಅವುಗಳಿಂದ ಉಪಕಾರವೂ ಆಗಿದೆ. ಆದರೆ ಅಗ್ಗವಾದ ಔಷಧದ ಜೊತೆ ತಿಳಿವಳಿಕೆಯೂ ಅಗ್ಗವಾಗಿ ದೊರೆಯಬೇಕೆಂಬುದನ್ನು ನಾವು ಮರೆತೆವು. ಮಾತ್ರೆ ದುಬಾರಿಯಾಗಿದ್ದರೆ ಕೊಳ್ಳುವವನು ಎರಡು ಬಾರಿ ಯೋಚಿಸುತ್ತಿದ್ದ.

ಹೊಸ ಕಾನೂನು ಬೇಕೆಂದು ನಾನು ಹೇಳುವುದಿಲ್ಲ. ಪ್ರಜೋಲ್ ಪಟ್ಟಿಗಳ ಬೆನ್ನಿನ ಮೇಲೆ ಷೆಡ್ಯೂಲ್ ಎಚ್ ಎಂದು ಅಚ್ಚಾಗಿರುತ್ತದೆ, ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. 2019ರಲ್ಲಿ ಭಾರತದ ಔಷಧ ಮಹಾನಿಯಂತ್ರಕರು, ಈ ಔಷಧಗಳಿಂದ ಮೂತ್ರಪಿಂಡಕ್ಕೆ ತೀವ್ರ ಹಾನಿಯಾಗಬಹುದೆಂಬ ಎಚ್ಚರಿಕೆಯನ್ನು ಮಾಹಿತಿ ಪತ್ರದಲ್ಲಿ ಸೇರಿಸುವಂತೆ ನೋಡಿಕೊಳ್ಳಲು ರಾಜ್ಯಗಳಿಗೆ ಸೂಚಿಸಿದರು. ಬಿಡಿ ಪಟ್ಟಿ ಕೊಳ್ಳುವವನ ಕೈಗೆ ಆ ಪತ್ರ ಬರುವುದಿಲ್ಲ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಯಂತೂ, ಔಷಧ ಕೊಡುವಾಗ ನೋಂದಾಯಿತ ಫಾರ್ಮಸಿಸ್ಟನು ಸ್ವತಃ ರೋಗಿಯೊಡನೆ ಮಾತನಾಡಿ, ಅಡ್ಡಪರಿಣಾಮಗಳನ್ನೂ ಇತರ ಔಷಧಗಳೊಡನೆ ಆಗಬಹುದಾದ ತೊಡಕುಗಳನ್ನೂ ತಿಳಿಸಬೇಕೆಂದು ಹೇಳುತ್ತದೆ. ಕೌಂಟರಿನ ಹಿಂದೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ಒಡೆಯ ಅನೇಕ ಕಡೆ ಅಂಗಡಿಯಲ್ಲಿಯೇ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸತ್ಯ.

ವಿಪರ್ಯಾಸವೆಂದರೆ, ಈ ಕೆಲಸಕ್ಕೆಂದೇ ತರಬೇತಾದವರು ನಮ್ಮಲ್ಲಿದ್ದಾರೆ. ರೋಗಿಯ ಪಕ್ಕದಲ್ಲಿ ನಿಂತು ಔಷಧಗಳನ್ನು ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿ ಶಿಕ್ಷಣವನ್ನು ದೇಶದಲ್ಲಿ ಮೊದಲಿಗೆ ಆರಂಭಿಸಿದ ಸಂಸ್ಥೆಗಳ ಸಾಲಿನಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜಿದೆ. 2008ರಿಂದ ಆರು ವರ್ಷಗಳ ಫಾರ್ಮ್.ಡಿ. ಪದವಿಯೂ ಇದೆ. ಓದಿ ಹೊರಬಂದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುದ್ದೆಗಳು ವಿರಳ. ಜಿಲ್ಲಾಸ್ಪತ್ರೆಗೆ ಒಬ್ಬರಂತೆ ನೇಮಿಸಿ, ಬಿಡುಗಡೆಯಾಗುವ ಪ್ರತಿ ಹಿರಿಯ ರೋಗಿಯ ಪಟ್ಟಿಯನ್ನು ಅವರು ಓದಿ ಸಹಿ ಹಾಕಿದ ಮೇಲೆಯೇ ಕಳುಹಿಸುವುದೆಂದು ಒಂದು ಸುತ್ತೋಲೆ ಹೊರಡಿಸಿದರೆ, ಆಗುವ ವೆಚ್ಚ ಆರೋಗ್ಯ ಇಲಾಖೆಯ ಆಯವ್ಯಯದಲ್ಲಿ ಕಣ್ಣಿಗೆ ಕಾಣದಷ್ಟು. ಆ ಪಟ್ಟಿ ಕನ್ನಡದಲ್ಲಿರಲಿ, ಪ್ರತಿ ಮಾತ್ರೆಯ ಎದುರು ಯಾತಕ್ಕೆ ಮತ್ತು ಯಾವ ದಿನಾಂಕದವರೆಗೆ ಎಂಬ ಎರಡು ಕಲಂಗಳಿರಲಿ. ಕಾಯಂ ಆಗಿ ಬೇಕಾದದ್ದಕ್ಕೆ ಕಾಯಂ ಎಂದೇ ಬರೆಯಲಿ.

ಇಷ್ಟನ್ನು ಓದಿ ನಾಳೆ ಬೆಳಿಗ್ಗೆಯೇ ಗ್ಯಾಸ್ ಮಾತ್ರೆಯನ್ನು ಬಿಸಾಡಲು ಹೊರಡುವವರಿಗೆ ಒಂದು ಮಾತು ಹೇಳಲೇಬೇಕು. ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಎರಡನ್ನೂ ಸೇವಿಸುವ ಹಿರಿಯರಿಗೆ, ಸಂಧಿವಾತಕ್ಕೆ ನೋವುನಿವಾರಕಗಳನ್ನು ಅವಲಂಬಿಸಿದವರಿಗೆ, ಹಿಂದೆ ಹುಣ್ಣಿನಿಂದ ರಕ್ತಸ್ರಾವವಾದವರಿಗೆ ಈ ಮಾತ್ರೆ ಪ್ರಾಣರಕ್ಷಕ. ಅವರು ತಾವಾಗಿ ಬಿಡುವುದು ಸೇವಿಸುವುದಕ್ಕಿಂತ ಅಪಾಯಕಾರಿ. ಉಳಿದವರೂ ಥಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಡೆನ್ಮಾರ್ಕಿನಲ್ಲಿ 120 ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂದೂ ಎದೆಯುರಿ ಕಾಣದವರಿಗೆ ಎಂಟು ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ ಶೇ 44ರಷ್ಟು ಮಂದಿಗೆ ಆಮ್ಲದ ತೊಂದರೆ ಕಾಣಿಸಿಕೊಂಡಿತು. ಹುಸಿ ಮಾತ್ರೆ ಪಡೆದವರಲ್ಲಿ ಇದು ಶೇ 15. ಪೂರೈಕೆಯೇ ಬೇಡಿಕೆಯನ್ನು ಸೃಷ್ಟಿಸುತ್ತದೆ ಎಂಬ ಫ್ರೆಂಚ್ ಅರ್ಥಶಾಸ್ತ್ರಜ್ಞ ಸೇ ಅವರ ಹೆಸರಿನ ನಿಯಮವನ್ನು ನಾವು ಪದವಿ ತರಗತಿಗಳಲ್ಲಿ ಖಂಡಿಸಿ ಉತ್ತರ ಬರೆಯುತ್ತಿದ್ದೆವು. ಜಠರದೊಳಗೆ ಅದು ನಿಜವಾಗುವಂತಿದೆ. ಬಿಟ್ಟಾಗ ಉರಿ ಬಂತೆಂದರೆ ಅದು ಕಾಯಿಲೆಯೇ ಆಗಿರಬೇಕಿಲ್ಲ, ಬಿಟ್ಟದ್ದರ ಪರಿಣಾಮವೂ ಆಗಿರಬಹುದು. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಇಳಿಸುತ್ತ, ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತ ಕೆಲವು ವಾರಗಳಲ್ಲಿ ನಿಲ್ಲಿಸುವ ಕ್ರಮವಿದೆ.

ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನೂ, ಗುಲಾಬಿ ದ್ರವದ ಬಾಟಲಿಯನ್ನೂ, ನೊರೆಪುಡಿಯ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನೊರೆಪುಡಿಯಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ಅದನ್ನು ವಿಶೇಷವಾಗಿ ತೋರಿಸಬೇಕು. ಔಷಧದಿಂದ ತೊಂದರೆಯಾಯಿತೆಂಬ ಸಂಶಯವಿದ್ದರೆ, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ವರದಿ ಮಾಡಲು ವೈದ್ಯರೇ ಆಗಿರಬೇಕಿಲ್ಲ. ಬಳಕೆದಾರರ ವರದಿ ನಮೂನೆ ಕನ್ನಡದಲ್ಲಿಯೂ ಇದೆ.